ಅರ್ಥ ಗೊತ್ತುಂಟು, ಬಾಯಿಗೆ ಬರುವುದಿಲ್ಲ: ಇಂಗ್ಲಿಷ್ ಪದ ಕಲಿಯುವ ಕ್ರಮ, ಹಂತ ಹಂತವಾಗಿ

ಪ್ರತಿ ವರ್ಷ ಮಳೆ ಜೋರಾಗುವ ಹೊತ್ತಿಗೆ ನಮ್ಮೂರ ವಾಚನಾಲಯಕ್ಕೆ ಪ್ಲಸ್ ವನ್, ಅಂದರೆ ಹನ್ನೊಂದನೇ ಕ್ಲಾಸಿನ ಮಕ್ಕಳು ಬರಲು ಶುರು ಮಾಡುತ್ತಾರೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯವರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಒಮ್ಮೆಗೇ ಫಿಸಿಕ್ಸ್, ಕೆಮಿಸ್ಟ್ರಿ ಎಲ್ಲ ಇಂಗ್ಲಿಷ್. ಅವರ ಜೊತೆಗೆ ಪಿಎಸ್‌ಸಿ ಎಂಬ ಸರಕಾರಿ ಕೆಲಸದ ಪರೀಕ್ಷೆಗೆ ಓದುವ ನಾಲ್ಕೈದು ಮಂದಿ ದೊಡ್ಡವರೂ ಇರುತ್ತಾರೆ. ಎಲ್ಲರ ಕೈಯಲ್ಲೂ ಒಂದೇ ತರದ ನೋಟ್‌ಬುಕ್. ಎಡಗಡೆ ಇಂಗ್ಲಿಷ್ ಪದ, ನಡುವೆ ಗೆರೆ, ಬಲಗಡೆ ಕನ್ನಡ ಅರ್ಥ. ಕೆಲವರದ್ದು ಸಾವಿರ ಪದ ದಾಟಿರುತ್ತದೆ.

ಕೇಳಿದರೆ ಎಲ್ಲರ ದೂರೂ ಒಂದೇ: "ಮಾಷ್ಟ್ರೇ, ಅರ್ಥ ಎಲ್ಲ ಗೊತ್ತುಂಟು. ವಾಕ್ಯದಲ್ಲಿ ಬಂದ್ರೆ ಗೊತ್ತಾಗುದಿಲ್ಲ. ಮಾತಾಡ್ಲಿಕ್ಕೆ ಹೋದ್ರೆ ಬಾಯಿಗೆ ಬರುದಿಲ್ಲ."

ತಪ್ಪು ಅವರ ಬುದ್ಧಿಯದ್ದಲ್ಲ, ಕ್ರಮದ್ದು. ಪದ ಬರೆದುಕೊಂಡದ್ದು ಜಾಸ್ತಿ, ಬರೆದದ್ದನ್ನು ಮುಚ್ಚಿಟ್ಟು ನೆನಪು ಮಾಡಿದ್ದು ಕಮ್ಮಿ. ನಾನೂ ಕಾಲೇಜಿನಲ್ಲಿದ್ದಾಗ ಹಾಗೇ ಮಾಡಿದವನು. ಎರಡು ಪುಸ್ತಕ ತುಂಬಿಸಿದ್ದೆ, ಉಳಿದದ್ದು ಕೈ ಬರಹ ಚೆಂದವಾದದ್ದು ಮಾತ್ರ. ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ. ಮೂರನೆಯದು ಬೋರಾಗುತ್ತದೆ ಅಂತ ಏಳಕ್ಕೆ ಹಾರಿದರೆ ಮತ್ತೆ ಅದೇ ನೋಟ್‌ಬುಕ್ಕಿಗೆ ಬಂದು ನಿಲ್ಲುತ್ತೀರಿ.

ಬೇಕಾಗುವ ಸಾಮಾನು

ದೊಡ್ಡ ಖರ್ಚಿಲ್ಲ. ಹಳೆ ಮದುವೆ ಕಾಗದಗಳು, ಒಂದು ಇಪ್ಪತ್ತು. ಹಿಂದುಗಡೆ ಖಾಲಿ ಇರುವ ಭಾಗವನ್ನು ಕತ್ತರಿಸಿ ಇಸ್ಪೀಟ್ ಎಲೆಯಷ್ಟು ದೊಡ್ಡ ಚೀಟಿ ಮಾಡಿಕೊಳ್ಳಿ. ಕಾಗದ ದಪ್ಪ ಇರುವುದರಿಂದ ತಿಂಗಳುಗಟ್ಟಲೆ ಬಾಳುತ್ತದೆ. ಮತ್ತೆ ಮೂರು ಡಬ್ಬ, ಒಂದು ಬಾಲ್ ಪೆನ್.

ಡಿಕ್ಷನರಿ ಎರಡು ತರದ್ದು ಬೇಕು. ಒಂದು ಇಂಗ್ಲಿಷ್-ಕನ್ನಡ. ಇನ್ನೊಂದು ಇಂಗ್ಲಿಷ್-ಇಂಗ್ಲಿಷ್, ಆದರೆ ಸಾಮಾನ್ಯದ್ದಲ್ಲ, ಲರ್ನರ್ಸ್ ಡಿಕ್ಷನರಿ. ಎರಡಕ್ಕೂ ವ್ಯತ್ಯಾಸವಿದೆ. ಮಾಮೂಲಿ ಡಿಕ್ಷನರಿಯಲ್ಲಿ ಒಂದು ಕಷ್ಟದ ಪದಕ್ಕೆ ಇನ್ನೂ ಮೂರು ಕಷ್ಟದ ಪದ ಕೊಟ್ಟಿರುತ್ತಾರೆ. ಲಾಂಗ್‌ಮನ್‌ನಂಥ ಲರ್ನರ್ಸ್ ಡಿಕ್ಷನರಿಯಲ್ಲಿ ಸುಮಾರು 2000 ಸರಳ ಪದಗಳನ್ನೇ ಬಳಸಿ ಎಲ್ಲ ಅರ್ಥ ಹೇಳುತ್ತಾರೆ. ಜೊತೆಗೆ ಉದಾಹರಣೆ ವಾಕ್ಯ ಇರುತ್ತದೆ. ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ, ಉಚ್ಚಾರ ಕೇಳಲಿಕ್ಕೂ ಆಗುತ್ತದೆ.

ಗೂಗಲ್ ಟ್ರಾನ್ಸ್‌ಲೇಟ್ ಸಾಕಲ್ವಾ ಅಂತ ಕೇಳುವವರಿದ್ದಾರೆ. ಇಡೀ ವಾಕ್ಯದ ತಾತ್ಪರ್ಯ ತಿಳಿಯಲು ಸಾಕು. ಒಂಟಿ ಪದ ಹಾಕಿದರೆ ಮಾತ್ರ ಅದು ಹತ್ತರಲ್ಲಿ ಒಂದು ಅರ್ಥ ಮುಂದಿಟ್ಟು ಸುಮ್ಮನಾಗುತ್ತದೆ. ನಿಮಗೆ ಬೇಕಾದ ಅರ್ಥ ಅದೇ ಎಂದು ಖಾತ್ರಿ ಇಲ್ಲ.

ಹಂತ 1: ಮೊದಲು ಅಳೆಯಿರಿ

ನೀವು ನಿಜವಾಗಿ ಓದಬೇಕಾದ ಪುಸ್ತಕ ತೆಗೆದುಕೊಳ್ಳಿ. ಪ್ಲಸ್ ವನ್ ಆದರೆ ಆ ಪಠ್ಯ, ಪಿಎಸ್‌ಸಿ ಆದರೆ ಹಳೆ ಪ್ರಶ್ನೆಪತ್ರಿಕೆ. ಒಂದು ಪುಟದಲ್ಲಿ 100 ಪದ ಎಣಿಸಿ, ಗೊತ್ತಿಲ್ಲದ್ದಕ್ಕೆ ಪೆನ್ಸಿಲಿನಲ್ಲಿ ಚುಕ್ಕೆ ಇಡಿ.

ಎರಡು ಚುಕ್ಕೆ ಬಂದರೆ ಆ ಪುಸ್ತಕ ನಿಮಗೆ ಸಲೀಸು. ಡಿಕ್ಷನರಿ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಲು ನೂರಕ್ಕೆ 98 ಪದ ಗೊತ್ತಿರಬೇಕು ಎಂಬುದು ಪದ ಕಲಿಕೆಯ ಬಗ್ಗೆ ಸಂಶೋಧನೆ ಮಾಡಿದವರ ಲೆಕ್ಕ. ಐದು ಬಂದರೆ ಡಿಕ್ಷನರಿ ಪಕ್ಕದಲ್ಲಿಟ್ಟು ಓದಬಹುದು. ಹತ್ತು ದಾಟಿದರೆ ಪುಸ್ತಕ ಕೆಳಗಿಡಿ. ಅದು ಈಗಲ್ಲ, ಮೂರು ತಿಂಗಳ ನಂತರ. ಅಲ್ಲಿಯವರೆಗೆ ಅದೇ ವಿಷಯದ ಕೆಳಗಿನ ಕ್ಲಾಸಿನ ಪುಸ್ತಕ ಹಿಡಿಯಿರಿ. ಪ್ಲಸ್ ವನ್ ಹುಡುಗ ಎಂಟನೇ ಕ್ಲಾಸಿನ ಇಂಗ್ಲಿಷ್ ಮೀಡಿಯಂ ಪುಸ್ತಕ ಓದಲು ನಾಚಿಕೊಳ್ಳುತ್ತಾನೆ. ನಾಚಿಕೆ ಬಿಟ್ಟವನು ಓಣಂ ರಜೆ ಬರುವಾಗ ಮುಂದೆ ಹೋಗಿರುತ್ತಾನೆ.

ಹಂತ 2: ಯಾವ ಪದ ಕಲಿಯಬೇಕು, ಯಾವುದನ್ನು ಬಿಡಬೇಕು

ಹೆಚ್ಚಿನವರು ಎಡವುವುದು ಇಲ್ಲೇ. ಪೇಪರಿನಲ್ಲಿ ಯಾರೋ ರಾಜಕಾರಣಿ ಬಳಸಿದ ಹನ್ನೆರಡು ಅಕ್ಷರದ ಪದ ಕಂಡರೆ ಕೂಡಲೇ ಬರೆದುಕೊಳ್ಳುತ್ತಾರೆ. ಆ ಪದ ಜೀವಮಾನದಲ್ಲಿ ಇನ್ನೊಮ್ಮೆ ಸಿಗುವುದು ಅನುಮಾನ. ಪಕ್ಕದಲ್ಲೇ ಇರುವ, ದಿನಾ ಬರುವ ಸಣ್ಣ ಪದ ಬಿಟ್ಟೇ ಹೋಗುತ್ತದೆ.

ಇಂಗ್ಲಿಷಿನಲ್ಲಿ ಎಲ್ಲ ಪದಗಳೂ ಸಮಾನವಲ್ಲ. ಮೈಕೆಲ್ ವೆಸ್ಟ್ ಎಂಬವರು 1953ರಲ್ಲಿ ಸುಮಾರು 2000 ಪದಗಳ ಪಟ್ಟಿ ಮಾಡಿದ್ದರು. ದಿನಬಳಕೆಯ ಬರಹದ ದೊಡ್ಡ ಪಾಲು ಅಷ್ಟರಲ್ಲೇ ಮುಗಿಯುತ್ತದೆ. ಅದರ ಮೇಲೆ 2000ನೇ ಇಸವಿಯಲ್ಲಿ ಆವ್ರಿಲ್ ಕಾಕ್ಸ್‌ಹೆಡ್ ಎಂಬವರು ಕಾಲೇಜು ಪಠ್ಯಗಳಲ್ಲಿ ಮತ್ತೆ ಮತ್ತೆ ಬರುವ 570 ಪದ ಕುಟುಂಬಗಳನ್ನು (ಒಂದು ಪದ, ಅದರಿಂದ ಹುಟ್ಟಿದ ರೂಪಗಳು) ಆರಿಸಿದರು. ಕನ್ನಡ ಮೀಡಿಯಂನಿಂದ ಬಂದವರಿಗೆ ಈ ಎರಡನೆಯ ಪಟ್ಟಿ ಚಿನ್ನ. ಎರಡೂ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ.

ಚಿನ್ನ ಯಾಕೆಂದರೆ, ನಮ್ಮ ಮಕ್ಕಳಿಗೆ ತೊಂದರೆ ಕೊಡುವುದು 'ಫೋಟೋಸಿಂಥೆಸಿಸ್' ಅಲ್ಲ. ಅದನ್ನು ಕ್ಲಾಸಿನಲ್ಲಿ ಹೇಗೂ ವಿವರಿಸುತ್ತಾರೆ. ತೊಂದರೆ ಕೊಡುವುದು ಯಾರೂ ವಿವರಿಸದ ನಡುವಿನ ಪದಗಳು. ಅಸ್ಯೂಮ್, ಡಿರೈವ್, ಇಂಡಿಕೇಟ್, ಹೆನ್ಸ್, ವೇರ್‌ಆ್ಯಸ್. ಮಾಷ್ಟ್ರು ಇವು ಗೊತ್ತಿವೆ ಎಂದುಕೊಂಡು ಮುಂದೆ ಹೋಗುತ್ತಾರೆ. ಮಕ್ಕಳು ಕೇಳಲು ನಾಚುತ್ತಾರೆ. ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಪ್ರಶ್ನೆ ಏನು ಕೇಳಿದೆ ಎಂದು ತಿಳಿಯುವುದಿಲ್ಲ. 'ಸ್ಟೇಟ್ ಓಮ್ಸ್ ಲಾ' ಎಂಬ ಪ್ರಶ್ನೆ ನೋಡಿ ಒಬ್ಬ ಹುಡುಗ ನನ್ನ ಹತ್ತಿರ, "ಓಮ್ ಎಂಬ ರಾಜ್ಯದ ಕಾನೂನಾ ಮಾಷ್ಟ್ರೇ?" ಎಂದು ಕೇಳಿದ್ದ. ನಗು ಬಂತು. ಆಮೇಲೆ ಯೋಚಿಸಿದರೆ ಅವನ ನೋಟ್‌ಬುಕ್ಕಿನ ಪ್ರಕಾರ ಅವನು ಹೇಳಿದ್ದು ಸರಿಯೇ. ಸ್ಟೇಟ್ ಅಂದರೆ ರಾಜ್ಯ, ಲಾ ಅಂದರೆ ಕಾನೂನು. ಸ್ಟೇಟ್ ಅಂದರೆ 'ಹೇಳು' ಎಂದೂ ಆಗುತ್ತದೆ, 'ಸ್ಥಿತಿ' ಎಂದೂ ಆಗುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಲಾ ಅಂದರೆ ಅಲ್ಲಿ 'ನಿಯಮ' ಎಂದೂ ಹೇಳಿರಲಿಲ್ಲ.

ಆದ್ದರಿಂದ ಆಯ್ಕೆ ಮಾಡುವ ಕ್ರಮ ಹೀಗಿರಲಿ:

1. ಮೊದಲು ಪ್ರಶ್ನೆಪತ್ರಿಕೆಯ ಕ್ರಿಯಾಪದಗಳು. ಡಿಫೈನ್, ಸ್ಟೇಟ್, ಡಿಸ್ಟಿಂಗ್ವಿಶ್, ಜಸ್ಟಿಫೈ, ಇಲಸ್ಟ್ರೇಟ್. ಒಟ್ಟು ಮೂವತ್ತು ಇರಬಹುದು. ಒಂದೇ ವಾರದ ಕೆಲಸ.
2. ಆಮೇಲೆ ವೆಸ್ಟ್ ಪಟ್ಟಿಯಲ್ಲಿ ನಿಮಗೆ ಗೊತ್ತಿಲ್ಲದವು. ತುಂಬಾ ಕಮ್ಮಿ ಇರುತ್ತವೆ. ಆದರೂ ಬಿಡಬೇಡಿ.
3. ಆಮೇಲೆ ನಿಮ್ಮ ಪುಸ್ತಕದಲ್ಲಿ ಮೂರು ಸಲ ಸಿಕ್ಕಿದ ಪದ. ಒಮ್ಮೆ ಸಿಕ್ಕಿದ್ದಕ್ಕೆ ಚುಕ್ಕೆ ಮಾತ್ರ. ಮೂರನೇ ಸಲ ಕಂಡಾಗ ಚೀಟಿ.

ದಿನಕ್ಕೆ ಎಂಟು ಹೊಸ ಪದ. ವಾರಕ್ಕೆ ಐದು ದಿನ. ಅಂದರೆ ವಾರಕ್ಕೆ 40, ನಲವತ್ತು ವಾರಕ್ಕೆ 1600. ಶುರುವಿನ ಹುಮ್ಮಸ್ಸಿನಲ್ಲಿ ದಿನಕ್ಕೆ ಐವತ್ತು ಅಂತ ಹೊರಟವರು ನಾಲ್ಕನೇ ದಿನ ಚೀಟಿ ಮುಟ್ಟುವುದಿಲ್ಲ. ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಹಂತ 3: ಒಂದೇ ಪಾಠ, ಎರಡು ಪುಸ್ತಕ

ಇದು ನಮ್ಮ ಜಿಲ್ಲೆಯವರಿಗೆ ಇರುವ ದೊಡ್ಡ ಅನುಕೂಲ. ಬಳಸುವವರು ಮಾತ್ರ ಕಾಣುವುದಿಲ್ಲ. ಕೇರಳದ ಎಸ್‌ಸಿಇಆರ್‌ಟಿ ಎಂಬ ಸರಕಾರಿ ಸಂಸ್ಥೆಯ ಶಾಲಾ ಪುಸ್ತಕಗಳು ಮಲಯಾಳ, ಇಂಗ್ಲಿಷ್, ಕನ್ನಡ, ತಮಿಳು ಮಾಧ್ಯಮಗಳಲ್ಲಿ ಬರುತ್ತವೆ. ಒಂಬತ್ತನೇ ಕ್ಲಾಸಿನ ಕನ್ನಡ ಮೀಡಿಯಂ ಸಯನ್ಸ್ ಪುಸ್ತಕದಲ್ಲಿ ಇರುವ ಪಾಠವೇ ಇಂಗ್ಲಿಷ್ ಮೀಡಿಯಂ ಪುಸ್ತಕದಲ್ಲೂ ಇರುತ್ತದೆ. ಅದೇ ಚಿತ್ರ, ಅದೇ ಪ್ರಯೋಗ. ಪಿಡಿಎಫ್ ಪುಕ್ಕಟೆ ಡೌನ್‌ಲೋಡ್ ಮಾಡಬಹುದು.

ಕನ್ನಡದ್ದು ನೀವು ಆಗಲೇ ಓದಿ ಪಾಸಾದ ಪಾಠ. ವಿಷಯ ಗೊತ್ತು. ಗೊತ್ತಿಲ್ಲದ್ದು ಇಂಗ್ಲಿಷ್ ಮಾತ್ರ. ಹಾಗಾಗಿ ಪದದ ಅರ್ಥ ಡಿಕ್ಷನರಿ ಇಲ್ಲದೆಯೇ ಹೊಳೆಯುತ್ತದೆ.

ಮಾಡುವುದು ಹೀಗೆ. ಮೊದಲು ಕನ್ನಡದ ಒಂದು ಪ್ಯಾರಾ ಓದಿ. ಪುಸ್ತಕ ಮುಚ್ಚಿ ಅದೇ ಪ್ಯಾರಾ ಇಂಗ್ಲಿಷಿನಲ್ಲಿ ಓದಿ. ಗೊತ್ತಿಲ್ಲದ ಪದ ಬಂದರೆ ನಿಲ್ಲಬೇಡಿ, ಪ್ಯಾರಾ ಮುಗಿಸಿ. ಆಮೇಲೆ ಅದರ ಅರ್ಥ ಏನಿರಬಹುದು ಎಂದು ಊಹಿಸಿ ಪೆನ್ಸಿಲಿನಲ್ಲಿ ಬರೆಯಿರಿ. ಕೊನೆಗೆ ಕನ್ನಡ ಪುಸ್ತಕ ತೆರೆದು ಸರಿಯಾ ನೋಡಿ. ಊಹಿಸಿ ತಪ್ಪಿದ ಪದವೂ, ನೇರ ಅರ್ಥ ನೋಡಿದ ಪದಕ್ಕಿಂತ ಜಾಸ್ತಿ ಸಮಯ ತಲೆಯಲ್ಲಿ ಉಳಿಯುತ್ತದೆ.

ಒಂದು ಎಚ್ಚರಿಕೆ. ಫೋಟೋಸಿಂಥೆಸಿಸ್ ಅಂದರೆ ದ್ಯುತಿಸಂಶ್ಲೇಷಣೆ ಎಂದು ಬರೆದು ಖುಷಿಪಡುವವರಿದ್ದಾರೆ. ದ್ಯುತಿಸಂಶ್ಲೇಷಣೆ ಅಂದರೆ ಎಂತ ಎಂದು ಕೇಳಿ ನೋಡಿ. ಬಾಯಿ ಕಟ್ಟುತ್ತದೆ. ಗೊತ್ತಿಲ್ಲದ ಒಂದು ಪದದ ಬದಲು ಗೊತ್ತಿಲ್ಲದ ಇನ್ನೊಂದು ಪದ ಬಂತು, ಅಷ್ಟೇ. 'ಎಲೆ ಬಿಸಿಲು ಬಳಸಿ ಆಹಾರ ಮಾಡಿಕೊಳ್ಳುವುದು' ಎಂದು ಬರೆದರೆ ಅದು ಅರ್ಥ.

ಹಂತ 4: ಕೇಳದೆ ಬರೆಯಬೇಡಿ

ಪದವನ್ನು ಚೀಟಿಗೆ ಇಳಿಸುವ ಮೊದಲು ಡಿಕ್ಷನರಿಯ ಸ್ಪೀಕರ್ ಗುರುತು ಒತ್ತಿ ಎರಡು ಸಲ ಕೇಳಿ. ಮೂರು ಸಲ ಗಟ್ಟಿಯಾಗಿ ಹೇಳಿ. ತಪ್ಪು ಉಚ್ಚಾರ ಒಮ್ಮೆ ಬಾಯಿಗೆ ಕೂತರೆ ಬಿಡಿಸುವುದು ಹೊಸತು ಕಲಿಯುವುದಕ್ಕಿಂತ ಕಷ್ಟ. ಕಾಲೇಜಿನ ಸೆಮಿನಾರಿನಲ್ಲಿ ನಾನು ಸಾಲ ಎಂಬ ಅರ್ಥದ ಪದವನ್ನು 'ಡೆಬ್ಟ್' ಎಂದು ಆರು ಸಲ ಹೇಳಿದ್ದೆ. ಅದು 'ಡೆಟ್'. ಬಿ ಅಕ್ಷರ ಬರೆಯಲಿಕ್ಕೆ ಮಾತ್ರ. ಹಾಗೆಯೇ 'ರಿಸೀಟ್'ನಲ್ಲಿ ಪಿ ಸದ್ದು ಮಾಡುವುದಿಲ್ಲ.

ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬಹುದಾ? ಬರೆದುಕೊಳ್ಳಿ. ಹ್ರಸ್ವ-ದೀರ್ಘ ನಮಗೆ ಚಿಕ್ಕಂದಿನಿಂದ ಗೊತ್ತು. 'ಶಿಪ್', 'ಶೀಪ್' ನಾವು ಕಲಸಿ ಹಾಕುವುದಿಲ್ಲ. ಆದರೆ ಕನ್ನಡ ಲಿಪಿಗೂ ಮಿತಿ ಇದೆ. 'ವೆಸ್ಟ್' ಎಂದು ಬರೆದರೆ ಅದು ಪಶ್ಚಿಮವೋ ಬನಿಯನೋ ಹೇಳಲಿಕ್ಕಾಗುವುದಿಲ್ಲ. ಒಂದಕ್ಕೆ ತುಟಿ ದುಂಡಗೆ ಮಾಡಬೇಕು, ಇನ್ನೊಂದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಹಾಗಾಗಿ ಲಿಪಿ ನೆನಪಿಗೆ, ಕಿವಿ ಸಾಕ್ಷಿಗೆ.

ಒತ್ತು ಬೀಳುವ ಜಾಗಕ್ಕೆ ಅಡಿಗೆರೆ ಹಾಕಿ. 'ರೆಕಾರ್ಡ್' ಹೆಸರಾದಾಗ ಒತ್ತು ಮುಂದೆ, ಕೆಲಸವಾದಾಗ ಹಿಂದೆ. ಕನ್ನಡ, ತುಳುವಿನಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗುವುದಿಲ್ಲ, ಅದಕ್ಕೇ ನಮ್ಮ ಕಿವಿಗೆ ಇದು ಬೇಗ ಸಿಗುವುದಿಲ್ಲ.

ಹಂತ 5: ಚೀಟಿ ಬರೆಯುವ ಕ್ರಮ

ಈಗ ಮದುವೆ ಕಾಗದದ ಚೀಟಿ ತೆಗೆಯಿರಿ. ಮುಂದುಗಡೆ ಪದ ಬರೆಯಬೇಡಿ. ಪದ ಬಿಟ್ಟ ವಾಕ್ಯ ಬರೆಯಿರಿ. ಉದಾಹರಣೆಗೆ, 'ಕ್ಯಾನ್ ಐ ____ ಯುವರ್ ಅಂಬ್ರೆಲಾ?' ಚೀಟಿಯಲ್ಲಿ ಇದು ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಹಿಂದುಗಡೆ ನಾಲ್ಕು ಸಂಗತಿ: ಪದ 'ಬಾರೋ', ಉಚ್ಚಾರ, ಅರ್ಥ, ಮತ್ತೆ ನೀವೇ ಮಾಡಿದ ಇನ್ನೊಂದು ವಾಕ್ಯ.

ಅರ್ಥ ಯಾವ ಭಾಷೆಯಲ್ಲಿ? ತಲೆಗೆ ಮೊದಲು ಬಂದ ಭಾಷೆಯಲ್ಲಿ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಕೆಲವರಿಗೆ ಬ್ಯಾರಿ, ಕೊಂಕಣಿ, ಕರಾಡಿ. ಅರ್ಥ ತುಳುವಿನಲ್ಲಿ ಬರೆದರೆ ಯಾರೂ ಮಾರ್ಕು ಕಡಿಯುವುದಿಲ್ಲ. ಬಾರೋ ಮತ್ತು ಲೆಂಡ್ ನಡುವೆ ಗೊಂದಲ ಎಂದು ಒಬ್ಬಳು ಹುಡುಗಿ ಒಂದು ವಾರ ಒದ್ದಾಡಿದಳು, ಯಾಕೆಂದರೆ ಡಿಕ್ಷನರಿಯಲ್ಲಿ ಎರಡಕ್ಕೂ 'ಎರವಲು' ಎಂದಿತ್ತು. 'ಕಡ ತಕೊಳ್ಳುವುದು ಬಾರೋ, ಕಡ ಕೊಡುವುದು ಲೆಂಡ್' ಎಂದು ಮನೆಮಾತಿನಲ್ಲಿ ಬರೆದ ಮೇಲೆ ಮುಗಿಯಿತು.

ಒಂದು ಪದಕ್ಕೆ ಒಂದೇ ಅರ್ಥ ಎಂಬ ನಂಬಿಕೆ ಇಲ್ಲಿಯೇ ಬಿಡಬೇಕು. ಇಂಗ್ಲಿಷಿನವರು ಎಲ್ಲವನ್ನೂ 'ವೇರ್' ಮಾಡುತ್ತಾರೆ. ನಾವು ಸೀರೆ ಉಡುತ್ತೇವೆ, ಅಂಗಿ ಹಾಕುತ್ತೇವೆ, ಬಳೆ ತೊಡುತ್ತೇವೆ, ಹೂ ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ನಮ್ಮ ಭತ್ತ, ಅಕ್ಕಿ, ಅನ್ನಕ್ಕೆ ಅವರದ್ದು ಹೆಚ್ಚಾಗಿ 'ರೈಸ್' ಒಂದೇ. ಗದ್ದೆಯಲ್ಲಿದ್ದರೆ 'ಪ್ಯಾಡಿ' ಎನ್ನಬಹುದು. ದೊಡ್ಡಪ್ಪ, ಚಿಕ್ಕಪ್ಪ, ಮಾವ ಎಲ್ಲ 'ಅಂಕಲ್'. ಆದ್ದರಿಂದ ಚೀಟಿಯಲ್ಲಿ ಆ ವಾಕ್ಯಕ್ಕೆ ಹೊಂದುವ ಒಂದು ಅರ್ಥ ಮಾತ್ರ ಬರೆಯಿರಿ. ಅದೇ ಪದ ಬೇರೆ ಅರ್ಥದಲ್ಲಿ ಸಿಕ್ಕಿದ ದಿನ ಬೇರೆ ಚೀಟಿ. ಸಯನ್ಸಿನವರಿಗೆ ಇದು ಬಹಳ ಸಲ ಆಗುತ್ತದೆ. 'ಸೊಲ್ಯೂಷನ್' ಗಣಿತದಲ್ಲಿ ಉತ್ತರ, ಕೆಮಿಸ್ಟ್ರಿಯಲ್ಲಿ ದ್ರಾವಣ. 'ಪವರ್' ಗಣಿತದಲ್ಲಿ ಘಾತ, ಫಿಸಿಕ್ಸಿನಲ್ಲಿ ಸಾಮರ್ಥ್ಯ, ಪೇಪರಿನಲ್ಲಿ ಅಧಿಕಾರ. 'ಸೆಲ್' ಬಯಾಲಜಿಯಲ್ಲಿ ಜೀವಕೋಶ, ಟಾರ್ಚಿನಲ್ಲಿ ಬ್ಯಾಟರಿ, ಜೈಲಿನಲ್ಲಿ ಕೋಣೆ.

ಗೊತ್ತಿದೆ ಎಂದುಕೊಂಡ ಪದಗಳ ಬಗ್ಗೆ ಜಾಸ್ತಿ ಹುಷಾರು ಬೇಕು. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡದಲ್ಲಿ ಪಟ್ಟಿ ಅಂದರೆ ಲಿಸ್ಟು, ಮಲಯಾಳದಲ್ಲಿ ನಾಯಿ. ಕನ್ನಡದ ಕಳ್ಳ ಮನುಷ್ಯ, ಮಲಯಾಳದ 'ಕಳ್ಳಂ' ಸುಳ್ಳು. ಸದ್ದು ಒಂದೇ ಆದರೆ ಅರ್ಥ ಒಂದೇ ಆಗಬೇಕಾಗಿಲ್ಲ. ನಾವು ದಿನಾ ಹೇಳುವ ಇಂಗ್ಲಿಷ್ ಪದಗಳೂ ಹೀಗೆಯೇ. ನಮಗೆ ಹೋಟೆಲ್ ಅಂದರೆ ತಿಂಡಿ ತಿನ್ನುವ ಜಾಗ, ಅವರಿಗೆ ಉಳಿದುಕೊಳ್ಳುವ ಜಾಗ. ನಮಗೆ 'ಡೌಟ್' ಅಂದರೆ ಪಾಠದಲ್ಲಿ ಅರ್ಥವಾಗದ್ದು, ಅವರಿಗೆ ನಂಬಿಕೆ ಇಲ್ಲದಿರುವುದು. ಹೊರದೇಶದವರ ಎದುರು 'ಐ ಹ್ಯಾವ್ ಎ ಡೌಟ್' ಎಂದರೆ, ನೀವು ಹೇಳಿದ್ದು ನನಗೆ ನಂಬಿಕೆಯಾಗಲಿಲ್ಲ ಎಂದು ತಿಳಿದುಕೊಳ್ಳಬಹುದು. ಅಲ್ಲಿ 'ಕ್ವೆಶ್ಚನ್' ಸಾಕು. 'ಫಂಕ್ಷನ್' ಮನೆಯ ಒಕ್ಕಲು ಸಮಾರಂಭ ಹೌದು, ಆದರೆ ಪ್ಲಸ್ ವನ್ ಗಣಿತದ ಪುಸ್ತಕದಲ್ಲಿ ಅದು ಬೇರೆಯೇ. ಇಂಥ ಪದಗಳಿಗೆ ಕೆಂಪು ಪೆನ್ನಿನ ಚೀಟಿ ಮಾಡಿ.

ಕೆಲವು ಪದಗಳಿಗೆ ಮಾತ್ರ ಏನೂ ಕಷ್ಟಪಡಬೇಕಾಗಿಲ್ಲ, ಅವು ನಮ್ಮ ತೋಟದಿಂದಲೇ ಹೋದವು. ಅಡಕ್ಕ (ಅಡಿಕೆ) 'ಅರೆಕಾ' ಆಯಿತು, ಚಕ್ಕ (ಹಲಸು) 'ಜಾಕ್' ಆಯಿತು, ಕೊಪ್ಪರ 'ಕೊಪ್ರಾ', ಕಯರ್ (ತೆಂಗಿನ ನಾರು) 'ಕಾಯರ್'. ಎಲ್ಲ ಮಲಯಾಳದಿಂದ, ಹೆಚ್ಚಿನವು ಪೋರ್ಚುಗೀಸರ ಬಾಯಿ ದಾಟಿ ಇಂಗ್ಲಿಷಿಗೆ ಹೋದವು.

ಹಂತ 6: ಪದದ ಸ್ನೇಹಿತರು

ಪದಗಳು ಒಂಟಿಯಾಗಿ ತಿರುಗಾಡುವುದಿಲ್ಲ. ಕನ್ನಡದಲ್ಲಿ ಮಳೆ ಸುರಿಯುತ್ತದೆ, ಗಾಳಿ ಬೀಸುತ್ತದೆ. ಗಾಳಿ ಸುರಿಯಿತು ಎಂದರೆ ನಗುತ್ತಾರೆ. ಇಂಗ್ಲಿಷಿನಲ್ಲೂ ಹಾಗೆಯೇ. ಮಳೆ 'ಹೆವಿ', ಚಾ 'ಸ್ಟ್ರಾಂಗ್'. 'ಸ್ಟ್ರಾಂಗ್ ರೇನ್' ಎಂದರೆ ಅರ್ಥವಾದರೂ ಕಿವಿಗೆ ಚುಚ್ಚುತ್ತದೆ. ತಪ್ಪನ್ನು 'ಮೇಕ್' ಮಾಡುತ್ತಾರೆ, ಹೋಮ್‌ವರ್ಕನ್ನು 'ಡೂ' ಮಾಡುತ್ತಾರೆ. ಕನ್ನಡದಲ್ಲಿ ಎರಡೂ 'ಮಾಡು'. ಆದ್ದರಿಂದ ನಾವು ತಪ್ಪುವ ಜಾಗ ಇದೇ.

ಹಿಂದೆ ಬರುವ ಸಣ್ಣ ಪದವನ್ನು ಚೀಟಿಯಲ್ಲಿ ಸೇರಿಸಿಯೇ ಬರೆಯಿರಿ. ಡಿಪೆಂಡ್ ಅಲ್ಲ, 'ಡಿಪೆಂಡ್ ಆನ್'. ಲಿಸನ್ ಅಲ್ಲ, 'ಲಿಸನ್ ಟು'. ಮದುವೆಯಾಗಿರುವುದು 'ಮ್ಯಾರೀಡ್ ಟು', 'ವಿತ್' ಅಲ್ಲ. 'ಡಿಸ್ಕಸ್' ಹಿಂದೆ ಏನೂ ಬೇಡ. 'ಅದರ ಬಗ್ಗೆ' ಎಂಬ ನಮ್ಮ ಅಭ್ಯಾಸದಿಂದ 'ಅಬೌಟ್' ಅಂಟಿಸುತ್ತೇವೆ. ಪಿಎಸ್‌ಸಿ ಪ್ರಶ್ನೆ ಮಾಡುವವರಿಗೆ ಇಂಥವು ಅಚ್ಚುಮೆಚ್ಚು.

ಹಂತ 7: ಮೂರು ಡಬ್ಬ

ಚೀಟಿ ಬರೆದರೆ ಅರ್ಧ ಕೆಲಸವೂ ಆಗಿಲ್ಲ. ಹೆರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಬರೆದದ್ದು ಇಷ್ಟು: ಕಲಿತದ್ದರಲ್ಲಿ ಹೆಚ್ಚಿನದು ಮೊದಲ ಒಂದೆರಡು ದಿನದಲ್ಲೇ ಹೋಗುತ್ತದೆ, ಆಮೇಲೆ ಹೋಗುವುದು ನಿಧಾನ. ಆದ್ದರಿಂದ ಮೊದಲು ಬೇಗ ಬೇಗ, ಆಮೇಲೆ ಅಂತರ ಬಿಟ್ಟು ನೋಡಬೇಕು. ಅದಕ್ಕೆ ಡಬ್ಬದ ಉಪಾಯ ಹೇಳಿದವರು ಸೆಬಾಸ್ಟಿಯನ್ ಲೈಟ್ನರ್, 1972ರಲ್ಲಿ. ಅವರದ್ದು ಐದು ಖಾನೆ, ನಾನು ಮೂರಕ್ಕೆ ಇಳಿಸಿದ್ದೇನೆ. ಐದಾದರೆ ನಮ್ಮ ಮಕ್ಕಳು ಲೆಕ್ಕ ತಪ್ಪುತ್ತಾರೆ.

ಹೊಸ ಚೀಟಿ ಎಲ್ಲ ಒಂದನೇ ಡಬ್ಬಕ್ಕೆ. ಅದನ್ನು ದಿನಾ ನೋಡಬೇಕು. ಸರಿ ಹೇಳಿದ್ದು ಎರಡನೇ ಡಬ್ಬಕ್ಕೆ ಹೋಗುತ್ತದೆ, ಅದನ್ನು ಬುಧವಾರ, ಶನಿವಾರ ನೋಡುವುದು. ಅಲ್ಲೂ ಸರಿಯಾದದ್ದು ಮೂರನೆಯದಕ್ಕೆ, ಅದಕ್ಕೆ ಭಾನುವಾರ. ಮೂರನೇ ಡಬ್ಬದಲ್ಲಿ ಮೂರು ಭಾನುವಾರ ಸರಿಯಾದರೆ ರಬ್ಬರ್ ಬ್ಯಾಂಡ್ ಹಾಕಿ ಬದಿಗಿಡಿ, ತಿಂಗಳ ಒಂದನೇ ತಾರೀಕು ಒಮ್ಮೆ ತೆಗೆದು ನೋಡಿ. ಎಲ್ಲೇ ತಪ್ಪಿದರೂ ಚೀಟಿ ಒಂದನೇ ಡಬ್ಬಕ್ಕೇ ವಾಪಸ್. ಇಲ್ಲಿ ಕರುಣೆ ತೋರಿಸಬಾರದು. "ಅಯ್ಯೋ, ಇದು ಬಾಯಿ ತುದಿಯಲ್ಲೇ ಇತ್ತು" ಎಂದು ಮುಂದಿನ ಡಬ್ಬಕ್ಕೆ ಹಾಕಿದರೆ ಮೋಸ ಹೋಗುವುದು ನೀವೇ.

ನೋಡುವ ಕ್ರಮಕ್ಕೂ ಒಂದು ನಿಯಮ. ಚೀಟಿ ತಿರುಗಿಸುವ ಮೊದಲು ಉತ್ತರ ಗಟ್ಟಿಯಾಗಿ ಹೇಳಬೇಕು. ನೆನಪಾಗದಿದ್ದರೆ ಹತ್ತು ಎಣಿಸಿ. ಆ ಹತ್ತು ಸೆಕೆಂಡಿನ ಒದ್ದಾಟವೇ ಕಲಿಕೆ. ಕೂಡಲೇ ತಿರುಗಿಸಿ "ಹಾಂ, ಇದೇ, ನನಗೆ ಗೊತ್ತಿತ್ತು" ಎನ್ನುವುದು ನೋಟ್‌ಬುಕ್ ಓದಿದ ಹಾಗೆಯೇ, ಏನೂ ಪ್ರಯೋಜನ ಇಲ್ಲ.

ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಬೆಳಿಗ್ಗೆ ಕುಂಬಳೆಯಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಹೋಗುವಾಗ ಒಂದನೇ ಡಬ್ಬದ ಚೀಟಿ ಕಿಸೆಯಲ್ಲಿಟ್ಟುಕೊಂಡರೆ ಇಳಿಯುವ ಹೊತ್ತಿಗೆ ಮುಗಿದಿರುತ್ತದೆ, ಸೀಟು ಸಿಕ್ಕಿದರೆ.

ಮೊಬೈಲಿನಲ್ಲೇ ಮಾಡುವವರಿಗೆ ಆಂಕಿ ಎಂಬ ಆ್ಯಪ್ ಇದೆ. ಆಂಡ್ರಾಯ್ಡ್‌ನಲ್ಲಿ ಪುಕ್ಕಟೆ. ಯಾವ ಚೀಟಿ ಯಾವಾಗ ಎಂದು ಅದೇ ಲೆಕ್ಕ ಇಡುತ್ತದೆ. ಒಂದೇ ಅಪಾಯ, ಬೇರೆ ಯಾರೋ ಮಾಡಿಟ್ಟ ಐದು ಸಾವಿರ ಪದದ ಕಂತೆ ಇಳಿಸಿಕೊಳ್ಳುವ ಆಸೆ. ಬೇಡ. ಚೀಟಿ ನೀವೇ ಮಾಡಬೇಕು. ವಾಕ್ಯ ಹುಡುಕುವಾಗ, ಬರೆಯುವಾಗಲೇ ಪದ ಅರ್ಧ ನಿಮ್ಮದಾಗಿರುತ್ತದೆ.

ಹಂತ 8: ಪದ ಬಿಡಿಸುವುದು (300 ಚೀಟಿ ಆದ ಮೇಲೆ ಮಾತ್ರ)

ಇದನ್ನು ಮೊದಲೇ ಕಲಿಸುವ ಟ್ಯೂಷನ್‌ನವರಿದ್ದಾರೆ. ಕೈಯಲ್ಲಿ ಪದಗಳೇ ಇಲ್ಲದಾಗ ಬಿಡಿಸುವುದು ಏನನ್ನು? 300 ಚೀಟಿ ಆದ ಮೇಲೆ ತಾನಾಗಿಯೇ ಕಾಣಲು ಶುರುವಾಗುತ್ತದೆ. 'ಪೋರ್ಟ್' ಎಂಬ ತುಂಡಿಗೆ ಲ್ಯಾಟಿನ್ನಿನಲ್ಲಿ ಹೊರುವುದು ಎಂದರ್ಥ. ಎಕ್ಸ್‌ಪೋರ್ಟ್ ಅಂದರೆ ಹೊರಗೆ ಹೊತ್ತದ್ದು, ಇಂಪೋರ್ಟ್ ಒಳಗೆ ಹೊತ್ತದ್ದು, ಟ್ರಾನ್ಸ್‌ಪೋರ್ಟ್ ಆಚೆ ದಾಟಿಸಿದ್ದು, ಪೋರ್ಟಬಲ್ ಹೊರಬಹುದಾದದ್ದು. ಮುಂದೆ 'ಅನ್', 'ರೀ', 'ಪ್ರೀ', 'ಡಿಸ್', ಹಿಂದೆ 'ಏಬಲ್', 'ಲೆಸ್', 'ನೆಸ್'. ಒಂದು ಚೀಟಿಯ ಮೂಲೆಯಲ್ಲಿ ಅದರ ನೆಂಟರನ್ನು ಬರೆಯುತ್ತಾ ಹೋಗಿ. ಹೊಸ ಚೀಟಿ ಬೇಡ.

ಆದರೆ ಬಿಡಿಸಿದ್ದೆಲ್ಲ ಸರಿ ಎಂದು ತಿಳಿಯಬೇಡಿ. 'ಇನ್' ಬಂದರೆ 'ಇಲ್ಲ' ಎಂದರ್ಥ ಎಂದು ಕಲಿತವರು ಹೈವೇಯಲ್ಲಿ ಹೋಗುವ ಗ್ಯಾಸ್ ಟ್ಯಾಂಕರಿನ ಹಿಂದೆ ಬರೆದದ್ದನ್ನು ಓದಬೇಕು. 'ಇನ್‌ಫ್ಲೇಮಬಲ್' ಅಂದರೆ ಬೆಂಕಿ ಹಿಡಿಯದ್ದಲ್ಲ, ಬೇಗ ಹಿಡಿಯುವಂಥದ್ದು. 'ಇನ್‌ವ್ಯಾಲ್ಯುಯಬಲ್' ಬೆಲೆ ಇಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಬಿಡಿಸಿ ಊಹಿಸಿ, ಆಮೇಲೆ ಡಿಕ್ಷನರಿ ನೋಡಿ.

ಹಂತ 9: ಬಳಸುವುದು

ರಾತ್ರಿ ಮಲಗುವ ಮೊದಲು ಆ ದಿನದ ಬಗ್ಗೆ ಐದು ವಾಕ್ಯ ಇಂಗ್ಲಿಷಿನಲ್ಲಿ ಬರೆಯಿರಿ. ಅದರಲ್ಲಿ ಎರಡನೇ ಡಬ್ಬದ ಮೂರು ಪದ ಬರಬೇಕು. ವಿಷಯ ಏನಾದರೂ ಆಗಬಹುದು, ಅಡಿಕೆಗೆ ಮದ್ದು ಬಿಟ್ಟದ್ದು, ಬಸ್ಸು ತಪ್ಪಿದ್ದು, ಕರೆಂಟು ಹೋದದ್ದು. ಕನ್ನಡದಲ್ಲಿ ವಾಕ್ಯ ಮಾಡಿ ಅದನ್ನು ತಿರುಗಿಸಲು ಹೋಗಬೇಡಿ, 'ಹೆಡೇಕ್ ಈಸ್ ಕಮಿಂಗ್' ಹುಟ್ಟುವುದು ಹಾಗೆಯೇ. ಚೀಟಿಯಲ್ಲಿರುವ ವಾಕ್ಯವನ್ನೇ ಹಿಡಿದು ಒಂದೆರಡು ಪದ ಬದಲಿಸಿ. ಮೊದಲ ತಿಂಗಳು ಅಷ್ಟು ಸಾಕು.

ದಾರಿ ತಪ್ಪಿದ್ದಕ್ಕೆ ಗುರುತುಗಳು

ಒಂದನೇ ಡಬ್ಬದಲ್ಲಿ ಅರವತ್ತಕ್ಕಿಂತ ಜಾಸ್ತಿ ಚೀಟಿ ಸೇರಿದ್ದರೆ ಹೊಸ ಪದ ನಿಲ್ಲಿಸಿ. ಅದು ಮೂವತ್ತಕ್ಕೆ ಇಳಿಯುವವರೆಗೆ ಒಂದೂ ಹೊಸ ಚೀಟಿ ಬೇಡ.

ಒಂದೇ ಚೀಟಿ ನಾಲ್ಕು ಸಲ ಒಂದನೇ ಡಬ್ಬಕ್ಕೆ ಬಂದರೆ ತಪ್ಪು ನಿಮ್ಮದಲ್ಲ, ಚೀಟಿಯದ್ದು. ವಾಕ್ಯ ಬದಲಿಸಿ, ನಿಮ್ಮ ಊರಿನ ಯಾವುದಾದರೂ ಸಂಗತಿ ಹಾಕಿ ಹೊಸತಾಗಿ ಬರೆಯಿರಿ.

ಒಂದೇ ತರ ಕಾಣುವ ಎರಡು ಪದ, 'ಅಫೆಕ್ಟ್' 'ಎಫೆಕ್ಟ್' ಅಂಥವು, ಒಂದೇ ದಿನ ಕಲಿತು ಎರಡೂ ಕಲಸಿಹೋಗಿದ್ದರೆ ಒಂದನ್ನು ಎರಡು ವಾರ ತೆಗೆದಿಡಿ. ಮೊದಲನೆಯದು ಮೂರನೇ ಡಬ್ಬಕ್ಕೆ ಹೋದ ಮೇಲೆ ಎರಡನೆಯದು ಬರಲಿ. ವಿರುದ್ಧ ಪದಗಳಿಗೂ ಇದೇ ಮದ್ದು.

ಚೀಟಿ ನೋಡಿದ ಕೂಡಲೇ ಉತ್ತರ ಬರುತ್ತದೆ, ಪುಸ್ತಕದಲ್ಲಿ ಅದೇ ಪದ ಸಿಕ್ಕಿದರೆ ಗುರುತೇ ಹತ್ತುವುದಿಲ್ಲ ಎಂದಾದರೆ ನೀವು ಪದವನ್ನಲ್ಲ, ಚೀಟಿಯನ್ನು ಬಾಯಿಪಾಠ ಮಾಡಿದ್ದೀರಿ. ಆ ಮೂಲೆಯ ಕಲೆ, ಈ ಕಾಗದದ ಬಣ್ಣ ಎಲ್ಲ ನೆನಪಿಗೆ ಸಹಾಯ ಮಾಡುತ್ತಿರುತ್ತವೆ. ಮೂರನೇ ಹಂತಕ್ಕೆ ವಾಪಸ್ ಹೋಗಿ ಎರಡು ಪಾಠ ಓದಿ.

ಜಾತ್ರೆ, ಮದುವೆ, ಜ್ವರ ಅಂತ ಹತ್ತು ದಿನ ತಪ್ಪಿದರೆ ಬಾಕಿ ಎಲ್ಲ ಒಂದೇ ದಿನ ತೀರಿಸಲು ಕೂರಬೇಡಿ. ಮೂರನೇ ಡಬ್ಬ ಮುಟ್ಟದೆ ಒಂದನೆಯದನ್ನು ಮಾತ್ರ ಮೂರು ದಿನ ಮಾಡಿ, ಆಮೇಲೆ ಎರಡನೆಯದು ಸೇರಿಸಿ.

ಮತ್ತೆ ಮಳೆಗಾಲದ ವಿಷಯ. ರಟ್ಟಿನ ಪೆಟ್ಟಿಗೆಯಲ್ಲಿಟ್ಟರೆ ಆಟಿ ತಿಂಗಳು ಮುಗಿಯುವಾಗ ಚೀಟಿಗೆ ಬೂಷ್ಟು ಬಂದಿರುತ್ತದೆ, ಜೆಲ್ ಪೆನ್ನಿನಲ್ಲಿ ಬರೆದದ್ದು ಹರಡಿ ನೀಲಿ ಕಲೆ ಆಗಿರುತ್ತದೆ. ಸ್ಟೀಲ್ ಡಬ್ಬ, ಬಾಲ್ ಪೆನ್. ಡಬ್ಬದ ಮುಚ್ಚಳದ ಮೇಲೆ 1, 2, 3 ಎಂದು ಪೈಂಟಿನಲ್ಲಿ ಬರೆಯಿರಿ, ಇಲ್ಲದಿದ್ದರೆ ಮನೆಯವರು ಅದರಲ್ಲಿ ಹಪ್ಪಳ ತುಂಬಿಸಿ ಇಡುತ್ತಾರೆ.